ಹೃದಯ ಸಿಕ್ಕರೂ ಒಗ್ಗದವರು: ಹೆಚ್ಚು ಅಪಾಯದ ಕಸಿಯಲ್ಲಿ ತಿರಸ್ಕಾರ ತಡೆಯುವ ಲೆಕ್ಕಾಚಾರ

ಹೃದಯ ಕಸಿ ಎಂದ ಕೂಡಲೇ ದಾನಿಗಳ ಕೊರತೆಯ ಮಾತು ಬರುತ್ತದೆ. ಕಾಯುವವರ ಆ ಉದ್ದ ಪಟ್ಟಿಯೊಳಗೆ ಇನ್ನೊಂದು ಚಿಕ್ಕ ಪಟ್ಟಿ ಇದೆ, ಅದರ ಬಗ್ಗೆ ಮಾತು ಕಡಿಮೆ. ರಕ್ತದ ಗುಂಪು ಹೊಂದುತ್ತದೆ, ಎದೆಗೂಡಿಗೆ ಅಳತೆ ಸರಿಯಾಗುತ್ತದೆ, ದಾನಿಯ ಹೃದಯವೂ ಗಟ್ಟಿಮುಟ್ಟಾಗಿದೆ. ಆದರೂ ವೈದ್ಯರು ಅದನ್ನು ಬೇಡವೆಂದು ಮುಂದಿನ ರೋಗಿಗೆ ಬಿಟ್ಟುಕೊಡುತ್ತಾರೆ. ಈ ರೋಗಿಯ ರಕ್ತದಲ್ಲಿ ಆ ಹೃದಯಕ್ಕೆ ವಿರುದ್ಧವಾದ ಪ್ರತಿಕಾಯಗಳು ಮೊದಲೇ ತಯಾರಾಗಿ ಕುಳಿತಿರುವುದೇ ಕಾರಣ. ಇದನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಶೇ 80 ಎಂದರೆ ಐವರು ದಾನಿಗಳಲ್ಲಿ ನಾಲ್ವರ ಹೃದಯ ಇವರಿಗೆ ಆಗಿಬರುವುದಿಲ್ಲ. ಶೇ 99 ಎಂದರೆ ನೂರರಲ್ಲಿ ಒಂದೇ ಒಂದು ಹೊಂದೀತು. ಆ ಒಂದು ಯಾವಾಗ ಬರುತ್ತದೆ, ಅಲ್ಲಿಯವರೆಗೆ ಇರುವ ಹೃದಯ ತಡೆಯುತ್ತದೆಯೇ ಎಂಬುದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಇಂಥವರಲ್ಲಿ ತಿರಸ್ಕಾರವನ್ನು, ಅಂದರೆ ಹೊಸ ಹೃದಯದ ಮೇಲೆ ದೇಹವೇ ದಾಳಿ ಮಾಡುವುದನ್ನು, ತಡೆಯಲು ಇನ್ನಷ್ಟು ಗಟ್ಟಿ ಔಷಧ ಕೊಟ್ಟರಾಯಿತು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಔಷಧ ಬೇಕು, ನಿಜ. ಆದರೆ ಯಾವ ಪ್ರತಿಕಾಯಕ್ಕೆ ಹೆದರಬೇಕು, ಯಾವುದನ್ನು ದಾಟಿ ಮುಂದೆ ಹೋಗಬಹುದು ಎಂಬ ತೀರ್ಮಾನವೇ ಈ ಚಿಕಿತ್ಸೆಯ ದೊಡ್ಡ ಭಾಗ ಎಂದು ನನಗನ್ನಿಸುತ್ತದೆ. ಆ ತೀರ್ಮಾನಕ್ಕೆ ಬೇಕಾದ ಪುರಾವೆಯೋ ಇಂದಿಗೂ ತೆಳುವಾಗಿದೆ.

ಹಿನ್ನೆಲೆಯನ್ನು ಬೇಗ ನೋಡಿಬಿಡೋಣ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದರು. ರೋಗಿ ಲೂಯಿ ವಾಶ್ಕಾನ್‌ಸ್ಕಿ ಬದುಕಿದ್ದು 18 ದಿನ. ಅವರನ್ನು ಕೊಂದದ್ದು ನ್ಯುಮೋನಿಯಾ. ಹೃದಯವನ್ನು ದೇಹ ತಿರಸ್ಕರಿಸದಿರಲೆಂದು ಕೊಟ್ಟ ಔಷಧಗಳು ಸೋಂಕಿನ ವಿರುದ್ಧ ಹೋರಾಡುವ ಬಲವನ್ನೂ ಕಸಿದುಕೊಂಡಿದ್ದವು. ಮರುವರ್ಷ ಜಗತ್ತಿನ ಹಲವು ಆಸ್ಪತ್ರೆಗಳು ನೂರರಷ್ಟು ಕಸಿ ಮಾಡಿದವು. ಬಹುತೇಕ ರೋಗಿಗಳು ಬೇಗನೆ ತೀರಿಕೊಂಡಾಗ ಹೆಚ್ಚಿನವು ಆ ಕೆಲಸವನ್ನೇ ಕೈಬಿಟ್ಟವು. ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್ವೇ ಅವರಂಥ ಕೆಲವರು ಮಾತ್ರ ಹಟ ಬಿಡಲಿಲ್ಲ. ಕುತ್ತಿಗೆಯ ರಕ್ತನಾಳದ ಮೂಲಕ ಸಣ್ಣ ಇಕ್ಕಳ ಇಳಿಸಿ ಹೃದಯದ ಒಳಗೋಡೆಯಿಂದ ಚೂರು ಮಾಂಸ ತೆಗೆದು ನೋಡುವ ಬಯಾಪ್ಸಿ ವಿಧಾನ 1970ರ ದಶಕದಲ್ಲಿ ಅಲ್ಲೇ ರೂಢಿಗೆ ಬಂತು. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಬಂದ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮುಂದೆ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಬಂತು. ಈ ಔಷಧಗಳು ಟಿ-ಕಣಗಳೆಂಬ ಬಿಳಿ ರಕ್ತಕಣಗಳನ್ನು ತಡೆದು ಹಿಡಿದವು. ಟಿ-ಕಣಗಳು ನೇರವಾಗಿ ನುಗ್ಗಿ ಹೃದಯದ ಸ್ನಾಯುವನ್ನು ಹಾಳುಮಾಡುವ ತಿರಸ್ಕಾರವನ್ನು ಇಂದು ಬಹುಮಟ್ಟಿಗೆ ಹತೋಟಿಯಲ್ಲಿಡಲು ಸಾಧ್ಯವಾಗಿದೆ. ಅದು ಬಂದರೂ ಕೆಲವು ದಿನ ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ.

ಪ್ರತಿಕಾಯಗಳಿಂದ ಬರುವ ತಿರಸ್ಕಾರದ ದಾರಿಯೇ ಬೇರೆ. ಪ್ರತಿಕಾಯಗಳು ಹೊಸ ಹೃದಯದ ರಕ್ತನಾಳಗಳ ಒಳಪದರಕ್ಕೆ ಅಂಟಿಕೊಂಡು ಅಲ್ಲಿಂದ ಹಾನಿ ಶುರುಮಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಸ್ನಾಯು ಚೆನ್ನಾಗಿಯೇ ಕಂಡರೂ ಹೃದಯದ ಬಡಿತ ಕುಂದುತ್ತಿರಬಹುದು. ಇದನ್ನು ರೋಗಶಾಸ್ತ್ರಜ್ಞರು ಗುರುತಿಸಿ ದರ್ಜೆ ಹಾಕುವ ಬಗೆಯ ಮೇಲೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಸ್ಪಷ್ಟ ಒಮ್ಮತ ಮೂಡಿದ್ದು 2013ರಲ್ಲಿ. ಮೊದಲ ಕಸಿ ನಡೆದು ಆಗ 46 ವರ್ಷ ಕಳೆದಿತ್ತು!

ಪ್ರತಿಕಾಯ ಹುಟ್ಟುವುದು ಎಲ್ಲಿಂದ?

ನಮ್ಮ ಬಹುತೇಕ ಎಲ್ಲ ಜೀವಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನುಗಳಿರುತ್ತವೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಇವುಗಳ ವೈವಿಧ್ಯ ಎಷ್ಟೆಂದರೆ, ಒಡಹುಟ್ಟಿದವರನ್ನು ಬಿಟ್ಟರೆ ಇಬ್ಬರಲ್ಲಿ ಒಂದೇ ಥರ ಇರುವುದು ಅಪರೂಪ. ಫ್ರಾನ್ಸಿನ ಜಾನ್ ದೋಸೆ ಇದರ ಮೊದಲ ಸುಳಿವು ಹಿಡಿದದ್ದು 1958ರಲ್ಲಿ. ಹಲವು ಬಾರಿ ರಕ್ತ ಪಡೆದ ರೋಗಿಗಳ ರಕ್ತದಲ್ಲಿ ಬೇರೆಯವರ ಬಿಳಿ ಕಣಗಳ ವಿರುದ್ಧ ಪ್ರತಿಕಾಯಗಳಿರುವುದನ್ನು ಅವರು ಕಂಡರು. 1980ರಲ್ಲಿ ಅವರಿಗೆ ನೊಬೆಲ್ ಬಂತು.

ಪರಕೀಯ ಎಚ್‌ಎಲ್‌ಎ ಎದುರಾಗುವ ದಾರಿಗಳು ಮುಖ್ಯವಾಗಿ ಮೂರು: ಗರ್ಭಧಾರಣೆ, ರಕ್ತಪೂರಣ, ಹಿಂದೆ ಆದ ಕಸಿ. ಬಸುರಿನಲ್ಲಿ ಮಗುವಿನ ಅರ್ಧ ಎಚ್‌ಎಲ್‌ಎ ತಂದೆಯದಾಗಿರುವುದರಿಂದ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಮಗುವಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ತಾಯಿಗೂ ಗೊತ್ತಾಗುವುದಿಲ್ಲ. ಮೂವತ್ತು ವರ್ಷದ ನಂತರ ಆಕೆಗೆ ಹೃದಯ ಬೇಕಾದಾಗ ಆ ಹಳೆಯ ನೆನಪು ಎದ್ದು ಬರುತ್ತದೆ. ಹಲವು ಮಕ್ಕಳನ್ನು ಹೆತ್ತ ಹೆಂಗಸಿಗೆ ಹೊಂದುವ ಹೃದಯ ಸಿಗುವುದು ಗಂಡಸಿಗಿಂತ ಕಷ್ಟವಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಕಾಯುವ ಪಟ್ಟಿಯ ನಿಯಮ ಮಾಡುವವರು ಇದನ್ನು ಬರೀ ಜೀವಶಾಸ್ತ್ರವೆಂದು ಬದಿಗಿಡುವಂತಿಲ್ಲ, ಇದು ನ್ಯಾಯದ ಪ್ರಶ್ನೆಯೂ ಹೌದು.

ಹುಟ್ಟಿನಿಂದಲೇ ಹೃದಯದ ದೋಷವಿದ್ದ ಮಕ್ಕಳದ್ದು ಇನ್ನೊಂದು ಕತೆ. ಎಳವೆಯಲ್ಲಿ ಮಾಡಿದ ಶಸ್ತ್ರಚಿಕಿತ್ಸೆಗಳಲ್ಲಿ ಹಲವು ಬಾರಿ ರಕ್ತ ಕೊಟ್ಟಿರುತ್ತಾರೆ, ದಾನಿಗಳ ದೇಹದಿಂದ ತೆಗೆದ ಕವಾಟ, ರಕ್ತನಾಳಗಳ ತುಂಡುಗಳನ್ನು ಹೊಲಿದಿರುತ್ತಾರೆ. ಇನ್ನು ಎಡ ಹೃತ್ಕುಕ್ಷಿಗೆ ನೆರವಾಗುವ ಯಾಂತ್ರಿಕ ಪಂಪ್ ಅಳವಡಿಸಿಕೊಂಡವರಲ್ಲೂ ಪ್ರತಿಕಾಯ ಹೆಚ್ಚಾಗುವುದುಂಟು. ಆ ಹೊತ್ತಿನಲ್ಲಿ ಕೊಟ್ಟ ರಕ್ತವೂ, ಯಂತ್ರದ ಮೇಲ್ಮೈ ರೋಗನಿರೋಧಕ ವ್ಯವಸ್ಥೆಯನ್ನು ಕೆಣಕುವುದೂ ಸೇರಿ ಹಾಗಾಗುತ್ತದೆ. ಕಸಿಯ ತನಕ ಜೀವ ಉಳಿಸಿದ ಉಪಾಯವೇ ಕಸಿಯನ್ನು ಕಷ್ಟವಾಗಿಸುತ್ತದೆ. ಹೃದಯ ಕಸಿಯಲ್ಲಿ ಹೆಚ್ಚು ಅಪಾಯದವರೆಂದು ಕರೆಸಿಕೊಳ್ಳುವವರಲ್ಲಿ ಬಹಳಷ್ಟು ಜನ ಹಿಂದಿನ ಒಳ್ಳೆಯ ಚಿಕಿತ್ಸೆಯಿಂದ ಬದುಕಿ ಬಂದವರೇ.

ನಾಲ್ಕು ಗಂಟೆಯ ಗಡುವು

1969ರಲ್ಲಿ ಪಟೇಲ್ ಮತ್ತು ತೆರಸಾಕಿ ಎಂಬ ಸಂಶೋಧಕರು ಮೂತ್ರಪಿಂಡ ಕಸಿಯ ಮೇಲೆ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ತಳಪಾಯ. ರೋಗಿಯ ರಕ್ತದ ಸೀರಮ್ಮನ್ನು (ಕಣಗಳನ್ನು ಬೇರ್ಪಡಿಸಿದ ತಿಳಿ ದ್ರವ) ದಾನಿಯ ಬಿಳಿ ಕಣಗಳ ಜೊತೆ ಬೆರೆಸಿ, ಕಣಗಳು ಸಾಯುತ್ತವೆಯೇ ಎಂದು ನೋಡುವ ಪರೀಕ್ಷೆ ಅದು, ಕ್ರಾಸ್‌ಮ್ಯಾಚ್ ಎನ್ನುತ್ತಾರೆ. ಕಣಗಳು ಸತ್ತ 30 ಪ್ರಕರಣಗಳಲ್ಲಿ 24 ಮೂತ್ರಪಿಂಡಗಳು ತಕ್ಷಣವೇ ವಿಫಲವಾದವು. ಸಾಯದ 195ರಲ್ಲಿ ವಿಫಲವಾದದ್ದು 8 ಮಾತ್ರ. ಇಷ್ಟು ಖಚಿತವಾಗಿ ಮುಂದಾಗುವುದನ್ನು ಹೇಳುವ ಪರೀಕ್ಷೆಗಳು ವೈದ್ಯಕೀಯದಲ್ಲಿ ಕಡಿಮೆ.

ಹೃದಯದ ವಿಷಯಕ್ಕೆ ಬಂದರೆ ಈ ಪರೀಕ್ಷೆ ಮಾಡಿ ಫಲಿತಾಂಶಕ್ಕೆ ಕಾಯಲು ಸಮಯವೇ ಇರುವುದಿಲ್ಲ. ತಣ್ಣಗಿನ ದ್ರಾವಣದಲ್ಲಿಟ್ಟ ಮೂತ್ರಪಿಂಡ ಒಂದು ದಿನವಾದರೂ ತಡೆಯುತ್ತದೆ. ಹೃದಯಕ್ಕೆ ವಾಡಿಕೆಯ ಗಡುವು ನಾಲ್ಕು ಗಂಟೆ. ದಾನಿ ದೂರದ ಊರಿನಲ್ಲಿದ್ದರಂತೂ ಆ ಗಂಟೆಗಳೆಲ್ಲ ಪ್ರಯಾಣಕ್ಕೇ ಸರಿಹೋಗುತ್ತವೆ. ಆದ್ದರಿಂದ ಹೆಚ್ಚಾಗಿ ನಡೆಯುವುದು ಕಾಗದದ ಮೇಲಿನ ಕ್ರಾಸ್‌ಮ್ಯಾಚ್. ರೋಗಿಯ ಪ್ರತಿಕಾಯಗಳ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ದಾನಿಯ ಎಚ್‌ಎಲ್‌ಎ ವಿವರ ಬಂದೊಡನೆ ಎರಡನ್ನೂ ಹೋಲಿಸಿ ಹೌದು ಅಥವಾ ಇಲ್ಲ ಎನ್ನುತ್ತಾರೆ. ದಾನಿಯ ರಕ್ತವೂ ರೋಗಿಯ ರಕ್ತವೂ ಒಂದೆಡೆ ಸೇರುವುದೇ ಇಲ್ಲ.

ಇಲ್ಲಿಯೇ ಕಷ್ಟ ಶುರುವಾಗುವುದು. ಪ್ರತಿಕಾಯಗಳ ಪಟ್ಟಿಯನ್ನು ತಯಾರಿಸುವುದು ಸಣ್ಣ ಸಣ್ಣ ಮಣಿಗಳನ್ನು ಬಳಸುವ ಪರೀಕ್ಷೆಯಿಂದ. ಒಂದೊಂದು ಬಗೆಯ ಮಣಿಯ ಮೇಲೆ ಒಂದೊಂದು ಎಚ್‌ಎಲ್‌ಎ ಪ್ರೋಟೀನ್ ಅಂಟಿಸಿರುತ್ತಾರೆ. ಪ್ರತಿಕಾಯ ಅಂಟಿದ ಮಣಿ ಲೇಸರ್ ಬೆಳಕಿನಲ್ಲಿ ಹೊಳೆಯುತ್ತದೆ. ಹೊಳಪಿಗೆ ಒಂದು ಅಂಕಿ ಕೊಡುತ್ತಾರೆ. ಆ ಅಂಕಿ ಪ್ರತಿಕಾಯದ ನಿಖರ ಪ್ರಮಾಣವಲ್ಲ. ರಕ್ತದಲ್ಲಿ ಪ್ರತಿಕಾಯ ವಿಪರೀತ ಇದ್ದಾಗ ಪರೀಕ್ಷೆಗೇ ಅಡ್ಡಿಯಾಗಿ ಅಂಕಿ ಕಡಿಮೆ ತೋರಿಸುವುದೂ ಉಂಟು. ಸೀರಮ್ಮನ್ನು ಎಂಟು ಪಟ್ಟು, ಹದಿನಾರು ಪಟ್ಟು ತೆಳುಮಾಡಿ ನೋಡಿದಾಗ ಹೊಳಪು ಏರಿದರೆ ಅದು ನಿಜವಾದ ಬಲದ ಗುರುತು. ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳನ್ನು ಕೆರಳಿಸಬಲ್ಲ ಪ್ರತಿಕಾಯ ಯಾವುದು, ಸುಮ್ಮನೆ ಅಂಟಿಕೊಂಡು ಕೂರುವುದು ಯಾವುದು ಎಂದು ಬೇರೆ ಪರೀಕ್ಷೆಯಿಂದ ವಿಂಗಡಿಸಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಗೆರೆ ಎಲ್ಲಿ ಎಳೆಯಬೇಕು ಎಂಬುದು ಒಂದೊಂದು ಕೇಂದ್ರದಲ್ಲಿ ಒಂದೊಂದು ಥರ. ಒಂದು ಕಡೆ ಬೇಡವೆಂದ ಹೃದಯವನ್ನು ಇನ್ನೊಂದು ಕಡೆ ಅದೇ ಅಂಕಿಗೆ ಒಪ್ಪಿಕೊಂಡಾರು. ತೀರಾ ಎಚ್ಚರಿಕೆಯಿಂದ ಗೆರೆ ಎಳೆದರೆ ರೋಗಿ ಪಟ್ಟಿಯಲ್ಲೇ ಸಾಯಬಹುದು, ಸಡಿಲ ಬಿಟ್ಟರೆ ಹೊಸ ಹೃದಯದೊಂದಿಗೆ ಸಾಯಬಹುದು. ಎರಡನೆಯದರ ಲೆಕ್ಕ ಆಸ್ಪತ್ರೆಯ ಫಲಿತಾಂಶದ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಮೊದಲನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇದು ವೈದ್ಯರನ್ನು ಗೊತ್ತಿಲ್ಲದೆಯೇ ಅತಿ ಎಚ್ಚರಿಕೆಯ ಕಡೆಗೆ ತಳ್ಳುತ್ತದೆ ಎಂಬುದು ನನ್ನ ಗುಮಾನಿ. ಕೆಲಸ ಮಾಡದ ಹೃದಯ ಹೊತ್ತು ತಿಂಗಳುಗಟ್ಟಲೆ ಕಾಯುವುದೂ ಒಂದು ಅಪಾಯವೇ ಎಂದು ಅದೇ ಕಾಗದದಲ್ಲಿ ಬರೆದಿಟ್ಟರೆ ಕೆಲವು ತೀರ್ಮಾನಗಳು ಬದಲಾದಾವು.

ನೀರೆತ್ತಿದರೆ ಸಾಲದು

ಹೊಂದುವ ಹೃದಯ ಸಿಗುವ ಸಾಧ್ಯತೆ ತೀರಾ ಕಡಿಮೆಯಿದ್ದಾಗ ಪ್ರತಿಕಾಯಗಳನ್ನೇ ಇಳಿಸಲು ನೋಡುತ್ತಾರೆ. ಅತ್ಯಂತ ಹಳೆಯ ಉಪಾಯ ಪ್ಲಾಸ್ಮಾ ಬದಲಾವಣೆ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪ್ರತಿಕಾಯ ತುಂಬಿದ ಪ್ಲಾಸ್ಮಾ ತೆಗೆದು ಬೇರೆ ದ್ರವ ತುಂಬುತ್ತಾರೆ. ಇದು ಬಾವಿಯ ನೀರನ್ನು ಎತ್ತಿ ಹೊರಚೆಲ್ಲಿದ ಹಾಗೆ. ಒರತೆ ಇರುವ ತನಕ ಮತ್ತೆ ತುಂಬುತ್ತದೆ. ಒರತೆ ಇರುವುದು ಮುಖ್ಯವಾಗಿ ಮೂಳೆಯ ಮಜ್ಜೆಯಲ್ಲಿ. ಅಲ್ಲಿ ನೆಲೆಯೂರಿದ ಪ್ಲಾಸ್ಮಾ ಕಣಗಳು ವರ್ಷಗಟ್ಟಲೆ, ಕೆಲವು ದಶಕಗಟ್ಟಲೆ, ಒಂದೇ ಬಗೆಯ ಪ್ರತಿಕಾಯವನ್ನು ಸುರಿಯುತ್ತಲೇ ಇರುತ್ತವೆ.

ಪ್ಲಾಸ್ಮಾ ಬದಲಾವಣೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಕೊಡುವುದು ರೂಢಿ. ಸಾವಿರಾರು ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳ ಮಿಶ್ರಣ ಅದು. ದೇಹದ ತೂಕದ ಪ್ರತಿ ಕಿಲೋಗೆ 2 ಗ್ರಾಂವರೆಗೆ ಕೊಡುತ್ತಾರೆ. ಹಲವು ದಾರಿಗಳಲ್ಲಿ ಇದು ವ್ಯವಸ್ಥೆಯನ್ನು ತಣಿಸುತ್ತದೆ. ಆದರೆ ಕೊಟ್ಟ ಬೆನ್ನಿಗೇ ಮಾಡಿದ ಪ್ರತಿಕಾಯ ಪರೀಕ್ಷೆ ದಾರಿತಪ್ಪಿಸಬಹುದು ಎಂಬುದನ್ನು ಮರೆಯುವಂತಿಲ್ಲ.

ಪ್ಲಾಸ್ಮಾ ಕಣಗಳಾಗಿ ಬೆಳೆಯುವ ಬಿ-ಕಣಗಳೆಂಬ ಬಿಳಿ ರಕ್ತಕಣಗಳನ್ನು ನಾಶಮಾಡಲು ರಿಟುಕ್ಸಿಮ್ಯಾಬ್ ಎಂಬ ಔಷಧ ಇದೆ. ಅದು ಹಿಡಿಯುವುದು ಸಿಡಿ20 ಎಂಬ ಗುರುತನ್ನು. ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕಣಗಳ ಮೈಮೇಲೆ ಆ ಗುರುತೇ ಇಲ್ಲ. ಹಾಗಾಗಿ ಹೊಸ ಪ್ಲಾಸ್ಮಾ ಕಣಗಳು ಹುಟ್ಟುವುದನ್ನು ಅದು ತಡೆದೀತು, ಇರುವ ಒರತೆಯನ್ನು ಮುಟ್ಟುವುದಿಲ್ಲ. ಅದನ್ನು ಮುಟ್ಟಲು ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ಔಷಧಗಳನ್ನು ಎರವಲು ತಂದರು. ಪ್ಲಾಸ್ಮಾ ಕಣಗಳೇ ಕೆಟ್ಟು ಬೆಳೆಯುವ ರೋಗ ಅದು, ಆದ್ದರಿಂದ ಈ ಎರವಲಿಗೆ ಅರ್ಥವಿದೆ. ಬೋರ್ಟೆಜೊಮಿಬ್ ಪ್ಲಾಸ್ಮಾ ಕಣಗಳೊಳಗಿನ ಪ್ರೋಟೀನ್ ವಿಲೇವಾರಿಯನ್ನು ನಿಲ್ಲಿಸಿ ಅವನ್ನು ಕೊಲ್ಲುತ್ತದೆ. ಕೈಕಾಲುಗಳ ನರಗಳಿಗೂ ತೊಂದರೆ ಕೊಡುತ್ತದೆ. ಅದೇ ಗುಂಪಿನ ಕಾರ್ಫಿಲ್ಜೊಮಿಬ್ ನರಗಳಿಗೆ ಹಗುರ, ಆದರೆ ಹೃದಯಕ್ಕೇ ಹಾನಿ ಮಾಡಬಲ್ಲದು. ಸೋತ ಹೃದಯದ ರೋಗಿಗೆ ಇದನ್ನು ಬರೆದುಕೊಡುವ ವೈದ್ಯರ ಪೇಚು ಊಹಿಸಿಕೊಳ್ಳಿ. ಡಾರಾಟುಮುಮ್ಯಾಬ್ ಪ್ಲಾಸ್ಮಾ ಕಣದ ಮೇಲಿರುವ ಸಿಡಿ38 ಎಂಬ ಗುರುತನ್ನು ಹಿಡಿಯುತ್ತದೆ. ಪ್ಲಾಸ್ಮಾ ಕಣಗಳನ್ನು ಕಡಿಮೆ ಮಾಡಿದರೆ ದೇಹ ಬಿ-ಕಣಗಳಿಂದ ಹೊಸದನ್ನು ಹುಟ್ಟಿಸಿ ಕೊರತೆ ತುಂಬಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಟಿ-ಕಣ ಮತ್ತು ಬಿ-ಕಣಗಳ ಮಾತುಕತೆಯನ್ನೇ ಕಡಿಯುವ ಬೆಲಾಟಾಸೆಪ್ಟ್ ಜೊತೆಗೂಡಿಸುವ ಪ್ರಯೋಗಗಳೂ ನಡೆದಿವೆ.

ಒರತೆಯ ಗೊಡವೆಗೆ ಹೋಗದೆ, ಪ್ರತಿಕಾಯ ಇದ್ದರೂ ಅದು ಮಾಡುವ ಹಾನಿಯನ್ನು ಮಾತ್ರ ತಡೆಯುವ ಯೋಚನೆಯೂ ಇದೆ. ರಕ್ತನಾಳಕ್ಕೆ ಅಂಟಿದ ಪ್ರತಿಕಾಯ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಸರಣಿಯಾಗಿ ಎಬ್ಬಿಸುತ್ತದೆ. ಕೊನೆಯಲ್ಲಿ ಅವು ಜೀವಕೋಶದ ಗೋಡೆಗೆ ತೂತು ಕೊರೆಯುತ್ತವೆ. ಈ ಸರಣಿಯನ್ನು ಸಿ5 ಎಂಬ ಹಂತದಲ್ಲಿ ತುಂಡರಿಸುವ ಔಷಧ ಎಕುಲಿಜುಮ್ಯಾಬ್. ಒಂದು ಅಪರೂಪದ ರಕ್ತರೋಗಕ್ಕೆಂದು 2007ರಲ್ಲಿ ಬಂದದ್ದು. ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯವರು ಇದನ್ನು ಪ್ರತಿಕಾಯದ ಲೆಕ್ಕ ಶೇ 70 ಅಥವಾ ಅದಕ್ಕಿಂತ ಮೇಲಿದ್ದ 20 ಮಂದಿ ಹೃದಯ ರೋಗಿಗಳಿಗೆ ಕಸಿಯ ಹೊತ್ತಿನಿಂದಲೇ ಕೊಟ್ಟು ನೋಡಿದರು. ಹಿಂದಿನ ಇಂಥದೇ ರೋಗಿಗಳಿಗೆ ಹೋಲಿಸಿದರೆ ಪ್ರತಿಕಾಯದ ತಿರಸ್ಕಾರ ಕಡಿಮೆ ಕಂಡುಬಂತು. ಇಪ್ಪತ್ತು ಜನ, ಅದೂ ಪಕ್ಕದಲ್ಲಿಟ್ಟು ಹೋಲಿಸಲು ಅದೇ ಕಾಲದ ಇನ್ನೊಂದು ಗುಂಪಿಲ್ಲದೆ: ಭರವಸೆಗೆ ಸಾಕು, ಖಚಿತವಾಗಿ ಹೇಳಲು ಸಾಲದು. ಸಿ5 ಅನ್ನು ಕಟ್ಟಿಹಾಕಿದರೆ ಮಿದುಳಿನ ಪೊರೆಗೂ ತಗಲುವ ಮೆನಿಂಜೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ತೀವ್ರವಾಗಿ ಏರುತ್ತದೆ. ಮೊದಲೇ ಲಸಿಕೆ, ಜೊತೆಗೆ ಆಂಟಿಬಯಾಟಿಕ್ ಬೇಕು. ಕಾಂಪ್ಲಿಮೆಂಟ್ ಬಳಸದೆಯೇ ಹಾನಿ ಮಾಡುವ ಪ್ರತಿಕಾಯಗಳಿಗೆ ಇದರಿಂದ ಅಡ್ಡಿಯಿಲ್ಲ.

ಇಮ್ಲಿಫಿಡೇಸ್ ಇವೆಲ್ಲಕ್ಕಿಂತ ವಿಚಿತ್ರ. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ನಮ್ಮ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳಲು ಬಳಸುವ ಕಿಣ್ವವನ್ನೇ ಔಷಧವಾಗಿಸಿದ್ದಾರೆ. ಐಜಿಜಿ ಎಂಬ ಮುಖ್ಯ ಬಗೆಯ ಪ್ರತಿಕಾಯಗಳನ್ನು ಅದು ಕೆಲವೇ ಗಂಟೆಗಳಲ್ಲಿ ತುಂಡು ಮಾಡುತ್ತದೆ. 2020ರಲ್ಲಿ ಯುರೋಪಿನಲ್ಲಿ ಮೂತ್ರಪಿಂಡ ಕಸಿಗೆ ಷರತ್ತಿನ ಅನುಮತಿ ಸಿಕ್ಕಿತು. ನಾಲ್ಕು ಗಂಟೆಯ ಗಡುವಿನ ಹೃದಯಕ್ಕೆ ಗಂಟೆಗಳ ಲೆಕ್ಕದ ಔಷಧ ಹೇಳಿ ಮಾಡಿಸಿದಂತೆ ಕಾಣುತ್ತದೆ. ತೊಡಕು ಎರಡು. ಒಂದೆರಡು ವಾರದೊಳಗೆ ಪ್ರತಿಕಾಯಗಳು ಮರಳಿ ಬರುತ್ತವೆ, ಆಗ ಹೃದಯ ಆಗಲೇ ದೇಹದೊಳಗಿರುತ್ತದೆ. ಎರಡನೆಯದಾಗಿ, ಈ ಕಿಣ್ವಕ್ಕೆ ತನ್ನವರು ಪರರೆಂಬ ಭೇದವಿಲ್ಲ. ತಿರಸ್ಕಾರ ತಡೆಯಲೆಂದು ಕೊಡುವ ಹಲವು ಔಷಧಗಳೂ ಐಜಿಜಿ ಪ್ರತಿಕಾಯಗಳೇ ಆದ್ದರಿಂದ ಅವನ್ನೂ ಕತ್ತರಿಸಿ ಹಾಕುತ್ತದೆ. ನಡುವೆ ಅಂತರ ಬಿಟ್ಟು ಕೊಡಬೇಕಾಗುತ್ತದೆ.

ಇವಕ್ಕೆಲ್ಲ ಹೊರತಾದದ್ದು ಎಳೆ ಶಿಶುಗಳ ಸಂಗತಿ. ರಕ್ತದ ಗುಂಪೇ ಹೊಂದದ ಹೃದಯವನ್ನು ಹಸುಗೂಸುಗಳಿಗೆ ಕಸಿ ಮಾಡಬಹುದೆಂದು ಕೆನಡಾದ ಟೊರಾಂಟೊದಲ್ಲಿ ಲೋರಿ ವೆಸ್ಟ್ ಮತ್ತು ತಂಡ 2001ರಲ್ಲಿ ತೋರಿಸಿಕೊಟ್ಟಿತು. ಬೇರೆ ಗುಂಪಿನ ವಿರುದ್ಧದ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಇನ್ನೂ ಹುಟ್ಟಿರುವುದಿಲ್ಲ. ದೊಡ್ಡವರಲ್ಲಿ ಅಳಿಸಲು ಹೆಣಗುವ ನೆನಪು ಅಲ್ಲಿ ಬರೆದೇ ಇರುವುದಿಲ್ಲ.

ಕಸಿ ಆದ ಮೇಲೆ

ಕಸಿಯ ಹೊತ್ತಿಗೆ ಆಂಟಿ-ಥೈಮೊಸೈಟ್ ಗ್ಲಾಬ್ಯುಲಿನ್‌ನಂಥ ಔಷಧದಿಂದ ಟಿ-ಕಣಗಳನ್ನು ಹಠಾತ್ತನೆ ತಗ್ಗಿಸಿ, ಬಳಿಕ ಟ್ಯಾಕ್ರೋಲಿಮಸ್, ಮೈಕೊಫಿನೊಲೇಟ್, ಸ್ಟೀರಾಯ್ಡ್ ಎಂಬ ಮೂರರ ಜೋಡಣೆ ಮುಂದುವರಿಸುವುದು ಹೆಚ್ಚು ಅಪಾಯದವರಲ್ಲಿ ಸಾಮಾನ್ಯ ಕ್ರಮ. ಸಾಮಾನ್ಯ ರೋಗಿಗೆ ಕೆಲವು ತಿಂಗಳ ನಂತರ ಸ್ಟೀರಾಯ್ಡ್ ಇಳಿಸಿಬಿಡುತ್ತಾರೆ. ಇವರಿಗೆ ಆ ಸಡಿಲಿಕೆ ಬೇಗ ಸಿಗುವುದಿಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಎಲ್ಲರಿಗೂ ಉಂಟು. 1995ರಲ್ಲಿ ಪ್ರವಾಸ್ಟ್ಯಾಟಿನ್ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ಅದು ತೀವ್ರ ತಿರಸ್ಕಾರವನ್ನು ಕಡಿಮೆ ಮಾಡಿ, ಮೊದಲ ವರ್ಷ ಬದುಕುಳಿಯುವವರನ್ನು ಹೆಚ್ಚಿಸಿತ್ತು. ಇಷ್ಟು ಸಾಧಾರಣ ಮಾತ್ರೆಗೆ ಇಷ್ಟು ಗಟ್ಟಿ ಪುರಾವೆ, ಮೇಲೆ ಹೇಳಿದ ದುಬಾರಿ ಔಷಧಗಳಲ್ಲಿ ಹೆಚ್ಚಿನವಕ್ಕೆ ಹೃದಯ ಕಸಿಯಲ್ಲಿ ಅದರ ಕಾಲು ಭಾಗವೂ ಇಲ್ಲ!

ನಿಗಾ ಇಡುವ ಬಗೆಯೂ ಬದಲಾಗುತ್ತಿದೆ. ಬಯಾಪ್ಸಿ ಈಗಲೂ ಮೊದಲ ಸಾಕ್ಷಿ, ಆದರೆ ಅದು ಕೆಲವೇ ಚೂರುಗಳನ್ನು ನೋಡುತ್ತದೆ. ಹಾನಿ ಪಕ್ಕದಲ್ಲೇ ಇದ್ದರೂ ತಪ್ಪಿಹೋಗಬಹುದು. ದಾನಿಯ ಹೃದಯದ ಕೋಶಗಳು ಸತ್ತಾಗ ಅವುಗಳ ಡಿಎನ್‌ಎ ತುಣುಕುಗಳು ರೋಗಿಯ ರಕ್ತಕ್ಕೆ ಸೇರುತ್ತವೆ. ಅವನ್ನು ಅಳೆಯುವ ರಕ್ತಪರೀಕ್ಷೆ ಏನೋ ನಡೆಯುತ್ತಿದೆ ಎಂಬುದನ್ನು ಮೊದಲೇ ಹೇಳಬಲ್ಲದು. ಏನು ನಡೆಯುತ್ತಿದೆ ಎಂದು ತಿಳಿಯಲು ಬಯಾಪ್ಸಿಯೇ ಬೇಕು. ಬಿಳಿ ಕಣಗಳ ಜೀನ್‌ಗಳ ಚಟುವಟಿಕೆ ನೋಡುವ ಇನ್ನೊಂದು ಪರೀಕ್ಷೆ ಕಡಿಮೆ ಅಪಾಯದವರಲ್ಲಿ ಬಯಾಪ್ಸಿಗಳ ಸಂಖ್ಯೆ ಇಳಿಸಿದೆ. ಆದರೆ ಅದು ಟಿ-ಕಣಗಳ ತಿರಸ್ಕಾರವನ್ನು ಗಮನದಲ್ಲಿಟ್ಟು ರೂಪಿಸಿದ್ದು. ಪ್ರತಿಕಾಯದ ಭಯವಿರುವವರಲ್ಲಿ ಅದನ್ನೇ ನೆಚ್ಚಿ ಕೂರಲಾಗದು.

ವರ್ಷಗಳು ಉರುಳಿದಂತೆ ಹಾನಿ ಹೃದಯದ ರಕ್ತನಾಳಗಳಿಗೆ ಹೊರಳುತ್ತದೆ. ಅವುಗಳ ಗೋಡೆ ಉದ್ದಕ್ಕೂ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಕಸಿ ಮಾಡುವಾಗ ಹೃದಯದ ನರಗಳು ಕತ್ತರಿಸಿಹೋಗಿರುವುದರಿಂದ ಎದೆನೋವಿನ ಎಚ್ಚರಿಕೆ ಬಹಳ ಮಂದಿಗೆ ಬರುವುದೇ ಇಲ್ಲ. ಎವೆರೊಲಿಮಸ್ ಎಂಬ ಔಷಧ ಇದನ್ನು ನಿಧಾನಗೊಳಿಸುತ್ತದೆ. ಹೆಚ್ಚು ಅಪಾಯದವರ ಅಧ್ಯಯನಗಳು ಬಹುಮಟ್ಟಿಗೆ ಮೊದಲ ಒಂದು ವರ್ಷವನ್ನೇ ಅಳೆಯುತ್ತವೆ ಎಂಬುದು ಇಲ್ಲಿ ದೊಡ್ಡ ಕೊರತೆ. ಕಸಿಯಾದ ಹೃದಯದೊಂದಿಗೆ ಅರ್ಧದಷ್ಟು ಮಂದಿ 12 ವರ್ಷ ದಾಟುವ ಕಾಲದಲ್ಲಿ, ಮೊದಲ ವರ್ಷ ತಿರಸ್ಕಾರವಾಗಲಿಲ್ಲ ಎಂಬ ಫಲಿತಾಂಶ ಕತೆಯ ಮೊದಲ ಅಧ್ಯಾಯವಷ್ಟೇ.

ಮೂತ್ರಪಿಂಡದ ಅನುಭವವನ್ನು ಹಾಗೆಯೇ ಎತ್ತಿ ತರುವುದರಲ್ಲೂ ನನಗೆ ಅಳುಕಿದೆ. ಮೂತ್ರಪಿಂಡದ ಕಸಿ ಸೋತರೆ ಡಯಾಲಿಸಿಸ್ ಇದೆ. ಹೃದಯ ಸೋತರೆ ಯಂತ್ರದ ಆಸರೆ ಕೆಲವರಿಗೆ ಮಾತ್ರ, ಅದೂ ಹೊಸ ರಕ್ತಪೂರಣಗಳ ಜೊತೆಗೆ. ಜಗತ್ತಿನಲ್ಲಿ ಹೃದಯ ಕಸಿಗಳೇ ಕಡಿಮೆ, ಅದರಲ್ಲಿ ಇಂಥ ರೋಗಿಗಳು ಇನ್ನೂ ಕಡಿಮೆ. ಒಂದೇ ಆಸ್ಪತ್ರೆ ಎಷ್ಟು ವರ್ಷ ಕಾದರೂ ಒಂದು ಔಷಧಕ್ಕೆ ನ್ಯಾಯವಾದ ಪರೀಕ್ಷೆ ಮಾಡಲಾರದು. ಹಲವು ದೇಶಗಳ ಕೇಂದ್ರಗಳು ಒಂದೇ ಅಳತೆಗೋಲು, ಒಂದೇ ಕ್ರಮ ಒಪ್ಪಿಕೊಂಡು ಸೇರದ ಹೊರತು ಇಪ್ಪತ್ತು ಮೂವತ್ತು ಜನರ ಅಧ್ಯಯನಗಳೇ ಪೇರುತ್ತಾ ಹೋಗುತ್ತವೆ.

ಇಷ್ಟು ಖರ್ಚು, ಇಷ್ಟು ಔಷಧಗಳ ನಡುವೆ ಕಡಿಮೆ ಮಾತಿನ ಎರಡು ಸಂಗತಿಗಳಿವೆ. ಒಂದು ಮಾತ್ರೆಯ ಶಿಸ್ತು. ಟ್ಯಾಕ್ರೋಲಿಮಸ್‌ನ ಮಟ್ಟ ರಕ್ತದಲ್ಲಿ ಇಳಿದಾಗ, ಮೊದಲು ಇಲ್ಲದಿದ್ದ ಹೊಸ ಪ್ರತಿಕಾಯಗಳು ಹುಟ್ಟುತ್ತವೆ. ಹದಿಹರೆಯದವರು ಡೋಸ್ ತಪ್ಪಿಸಿದಾಗ ಆಗುವುದು ಇದೇ. ಕ್ಷಯದ ಔಷಧ ರಿಫಾಂಪಿಸಿನ್ ಶುರುಮಾಡಿದರೆ ಆ ಮಟ್ಟ ಕುಸಿಯುತ್ತದೆ, ಕೆಲವು ಶಿಲೀಂಧ್ರನಾಶಕ ಮಾತ್ರೆಗಳಿಂದ ವಿಷದಷ್ಟು ಏರುತ್ತದೆ. ಬೇರೆ ಕಾಯಿಲೆಗೆ ಬೇರೆ ವೈದ್ಯರು ಬರೆದ ಚೀಟಿಯೂ ಕಸಿ ತಂಡದ ಕಣ್ಣಿಗೆ ಬೀಳಬೇಕು.

ಇನ್ನೊಂದು, ರಕ್ತ ಕೊಡುವ ನಿರ್ಧಾರ. ಮುಂದೆ ಕಸಿ ಬೇಕಾಗಬಹುದಾದ ಮಗುವಿಗೆ, ಹೃದಯ ಸೋಲುತ್ತಿರುವ ರೋಗಿಗೆ, ಯಂತ್ರ ಅಳವಡಿಸುವ ಹೊತ್ತಿನಲ್ಲಿ ಪ್ರತಿ ಬಾಟಲಿಗೂ ಇದು ಬೇಕೇ ಬೇಕೇ ಎಂದು ಕೇಳಿಕೊಳ್ಳುವುದು, ಬೇಕೆಂದಾದರೆ ಬಿಳಿ ಕಣಗಳನ್ನು ಸೋಸಿ ತೆಗೆದ ರಕ್ತವನ್ನೇ ಕೊಡುವುದು, ಕಬ್ಬಿಣಾಂಶದ ಕೊರತೆಯಿದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು. ಸೋಸಿದ ರಕ್ತ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಈ ನಿರ್ಧಾರ ತೆಗೆದುಕೊಳ್ಳುವವರು ಸಾಮಾನ್ಯವಾಗಿ ತುರ್ತುನಿಗಾ ಘಟಕದ ವೈದ್ಯರು, ಅರಿವಳಿಕೆ ತಜ್ಞರು, ಮಕ್ಕಳ ಶಸ್ತ್ರಚಿಕಿತ್ಸಕರು. ಕಸಿ ತಂಡ ಆ ರೋಗಿಯನ್ನು ಮೊದಲ ಸಲ ನೋಡುವಷ್ಟರಲ್ಲಿ ಅನೇಕ ವೇಳೆ ಪ್ರತಿಕಾಯಗಳ ಪಟ್ಟಿ ಬೆಳೆದಾಗಿರುತ್ತದೆ.